ಕಾಂತಪ್ಪನ ಹೋಟೆಲಿನಲ್ಲಿ ಅಂಕಿಲೋಸ್ತೋಮ

ಮದರಾಸಿನ ದೊಡ್ಡ ಸ್ಟುಡಿಯೋ ಒಂದರಲ್ಲಿ, ಹೊಸ ಸಿನಿಮಾದ ರಾಕ್ಷಸನ ಬಾಯಿ ಎಷ್ಟು ಅಗಲ ಇರಬೇಕೆಂಬ ಪ್ರಶ್ನೆ ಬಗೆಹರಿಯದೆ ಮೂರು ದಿನ ಯಾರೂ ಊಟ ಮಾಡಲಿಲ್ಲ. ನಾಲ್ಕನೆಯ ದಿನ ನಿರ್ದೇಶಕರು ದಿಲ್ಲಿಗೆ ಟ್ರಂಕ್ ಕಾಲ್ ಹಾಕಿಸಿದರು. ಕಿದ್ವಾಯಿ ನಗರದ ದಕ್ಷಿಣಾಮೂರ್ತಿ ಫೋನು ಎತ್ತಿಕೊಂಡು, ಪ್ರಶ್ನೆ ಕೇಳಿಸಿಕೊಂಡು, ಉತ್ತರವಾಗಿ ಒಂದೇ ಒಂದು ಸಲ ಆಕಳಿಸಿದ. ಆ ಕಡೆಯಿಂದ, "ಸಾಕು ಸ್ವಾಮಿ, ಅಳತೆ ಸಿಕ್ಕಿತು" ಎಂದು ಫೋನು ಇಟ್ಟರು. ಆಮೇಲೆ ಮದರಾಸಿನಲ್ಲಿ ಎಲ್ಲರೂ ಊಟಕ್ಕೆ ಕೂತರು.

ಇದು ದಕ್ಷಿಣಾಮೂರ್ತಿಯೇ ಬಾಯಿಬಿಟ್ಟು ಹೇಳಿದ ಸಂಗತಿ. ಅವನ ಮನೆಯಲ್ಲಿ ಫೋನು ಇರಲಿಲ್ಲ. ಅವನಿದ್ದ ಬ್ಲಾಕಿನಲ್ಲೇ ಇರಲಿಲ್ಲ. ಯಾವ ಬುದ್ಧಿಯಿರುವ ಪ್ರಾಣಿಯೂ ನಂಬದಂಥ ಈ ಮಾತನ್ನು ಕೇಂದ್ರ ಸರ್ಕಾರದ ಹದಿನಾಲ್ಕು ನೌಕರರು, ಒಬ್ಬ ನಿವೃತ್ತ ಸಂಸ್ಕೃತ ಮೇಷ್ಟ್ರು ಮತ್ತು ಒಬ್ಬ ಹೋಟೆಲ್ ಯಜಮಾನ ನಂಬಿದರು. ಅದು ಹೇಗಾಯಿತೆಂದರೆ ಹೀಗೆ.

ಎಪ್ಪತ್ತನಾಲ್ಕರ ಚಳಿಗಾಲ. ಆ ವರ್ಷದ ಚಳಿಗೆ ದಿಲ್ಲಿಯಲ್ಲಿ ಜನ ಮಾತಾಡಿದರೆ ಮಾತು ಹೆಪ್ಪುಗಟ್ಟಿ ಕೆಳಗೆ ಬೀಳುತ್ತಿತ್ತು. ಅಂಗೀಠಿಯ ಕೆಂಡದ ಮೇಲಿಟ್ಟು ಕರಗಿಸಿದರೆ ಮಾತ್ರ ಕೇಳಿಸುತ್ತಿತ್ತು. ಅಲ್ಲಿನ ಕನ್ನಡಿಗರಿಗೆ ಕನ್ನಡ ಸಿನಿಮಾ ಎಂದರೆ ಎರಡು ಮೂರು ತಿಂಗಳಿಗೊಮ್ಮೆ ಒಂದು ಭಾನುವಾರದ ಬೆಳಗಿನ ಆಟ, ಅದೂ ರೀಲಿನ ಡಬ್ಬಿಗಳು ಜಿ.ಟಿ. ಎಕ್ಸ್‌ಪ್ರೆಸ್ಸಿನಿಂದ ದಾರಿ ತಪ್ಪದೆ ಇಳಿದರೆ. ಹೀಗಾಗಿ ಅವರು ಸಿನಿಮಾ ನೋಡುವುದಕ್ಕಿಂತ ಸಿನಿಮಾಕ್ಕೆ ಕಾಯುವುದರಲ್ಲಿ ಪಳಗಿದ್ದರು. ಆ ಚಳಿಗಾಲದಲ್ಲಿ ಅವರು ಕಾಯುತ್ತಿದ್ದ ಸಿನಿಮಾ 'ಕತ್ತಲಗಿರಿ'. ಸೂರ್ಯ ಹುಟ್ಟದ ಒಂದು ಬೆಟ್ಟ, ನೆರಳನ್ನು ಮಾರಿಕೊಂಡ ಒಬ್ಬಳು ರಾಣಿ, ರಕ್ತ ಹೀರುವ ಒಬ್ಬ ರಾಕ್ಷಸ. ಇಷ್ಟು ಮಾತ್ರ ಹೊರಗೆ ಗೊತ್ತಾಗಿತ್ತು. ಮಿಕ್ಕಿದ್ದನ್ನು ಅಭಿಮಾನಿಗಳು ಪ್ರತಿ ಭಾನುವಾರ ಮಾರ್ಕೆಟ್ಟಿನ ಕಾಂತಪ್ಪನ ಹೋಟೆಲಿನಲ್ಲಿ ಕೂತು ಪೂರೈಸುತ್ತಿದ್ದರು.

ಕಾಂತಪ್ಪ ಉಡುಪಿಯ ಕಡೆಯವನು. ಅವನ ಹೋಟೆಲಿನ ಸಾಂಬಾರಿನ ವಾಸನೆ ಹಿಡಿದು ಫರೀದಾಬಾದಿನಿಂದ ಜನ ಕಣ್ಣು ಮುಚ್ಚಿಕೊಂಡು ನಡೆದು ಬರುತ್ತಿದ್ದರು. ಅಲ್ಲಿ ಪ್ರತಿಯೊಬ್ಬರಿಗೂ ನಿಗದಿಯಾದ ಜಾಗವಿತ್ತು. ದಕ್ಷಿಣಾಮೂರ್ತಿಯದು ಕೈ ತೊಳೆಯುವ ಬೇಸಿನ್ ಪಕ್ಕದ ಕುರ್ಚಿ. ಒಂಬತ್ತು ವರ್ಷಗಳಲ್ಲಿ ಆ ಸಭೆ ಅವನನ್ನು ಉದ್ದೇಶಿಸಿ ಆಡಿದ್ದು ಒಂದೇ ಮಾತು: "ಸ್ವಲ್ಪ ಸರೀರಿ, ಕೈ ತೊಳೀಬೇಕು."

ಒಂದು ಭಾನುವಾರ ದೇವೇಂದ್ರಪ್ಪ ಮೇಷ್ಟ್ರು ಸಿನಿಮಾ ವಾರಪತ್ರಿಕೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಗಟ್ಟಿಯಾಗಿ ಓದಿದರು. ನಿವೃತ್ತರಾಗುವವರೆಗೆ ಸಂಸ್ಕೃತ ಕಲಿಸಿದವರು. ಇಡ್ಲಿಗೂ ಧಾತು ಹುಡುಕಿದ್ದರು.

"ಕೇಳ್ರಿ ಇಲ್ಲಿ. 'ಕತ್ತಲಗಿರಿಯ ರಾಕ್ಷಸ ಹೇಗಿರಬೇಕೆಂದು ಕಲಾವಿಭಾಗದವರು ಮೊದಲೇ ಚಿತ್ರ ಬರೆದಿಟ್ಟಿದ್ದಾರೆ. ಆ ಚಿತ್ರವನ್ನು ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಲಾಗಿದೆ. ನಾಯಕನಟನಿಗೂ ತೋರಿಸಿಲ್ಲ.'"

"ಎಂಥದು ಮಾರಾಯ್ರೆ?" ಎಂದ ಕಾಂತಪ್ಪ. "ಚಿತ್ರ ತೆಗೆಯುವ ಮೊದಲು ಚಿತ್ರ ಬರೆಯುವುದುಂಟಾ?"

"ಮತ್ತೆ? ಮನೆ ಕಟ್ಟುವ ಮೊದಲು ನಕ್ಷೆ ಬರೆಯೋದಿಲ್ಲವೆ?"

"ಆ ಚಿತ್ರ ಒಂದು ಸಲ ಕಣ್ಣಿಗೆ ಬಿದ್ದರೆ ನಾನು ಈ ಹೋಟೆಲನ್ನೇ ಬರೆದು ಕೊಟ್ಟೇನು!"

ಎಲ್ಲರೂ ನಿಟ್ಟುಸಿರು ಬಿಟ್ಟರು. ಆ ನಿಟ್ಟುಸಿರಿಗೆ ಗೋಡೆಯ ಕ್ಯಾಲೆಂಡರ್ ಎರಡು ತಿಂಗಳು ಮುಂದಕ್ಕೆ ಹಾರಿತು. ಆಗ ಬೇಸಿನ್ ಪಕ್ಕದಿಂದ ಒಂದು ಧ್ವನಿ ಬಂತು.

"ಆ ಚಿತ್ರ ಬರೆದವನು ನನ್ನ ಭಾವಮೈದ."

ದಕ್ಷಿಣಾಮೂರ್ತಿಗೂ ಆಶ್ಚರ್ಯವಾಯಿತು. ಇಂಥ ಮಾತು ತನ್ನ ಒಳಗಿತ್ತೆಂದು ಅವನಿಗೇ ಗೊತ್ತಿರಲಿಲ್ಲ. ಹದಿನಾರು ಮುಖಗಳು ಅವನ ಕಡೆ ತಿರುಗಿದವು.

"ಏಕನಾಥ ಅಂತ. ನನ್ನ ಹೆಂಡತಿಯ ತಮ್ಮ. ಮದರಾಸಿನಲ್ಲೇ ಇರೋದು. ಬ್ರಷ್ ಹಿಡಿದರೆ ಮುಗೀತು," ಎಂದ.

ಈ ಎರಡನೆಯ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಏಕನಾಥ ಮದರಾಸಿನಲ್ಲಿದ್ದ. ಬ್ರಷ್ ಹಿಡಿಯುತ್ತಿದ್ದ. ಲಾರಿಗಳ ಹಿಂದೆ ನಂಬರ್ ಬರೆಯುತ್ತಿದ್ದ.

"ಇಲ್ಲಿ ಬನ್ನಿ, ಇಲ್ಲಿ ಕೂತುಕೊಳ್ಳಿ!" ಎಂದು ದೇವೇಂದ್ರಪ್ಪ ಮೇಷ್ಟ್ರು ತಮ್ಮ ಪಕ್ಕದ ಕುರ್ಚಿಯಿಂದ ಒಬ್ಬ ಅಕೌಂಟೆಂಟನ್ನು ಎಬ್ಬಿಸಿದರು. ಕಾಂತಪ್ಪ ತಾನೇ ಕಾಫಿ ತಂದ. ಮೂರನೆಯ ಕಾಫಿಯ ಹೊತ್ತಿಗೆ ಟ್ರಂಕ್ ಕಾಲು ಬಂದಿತ್ತು. ನಾಲ್ಕನೆಯ ಕಾಫಿಗೆ ಆಕಳಿಕೆಯೂ ಆಯಿತು. ಐದನೆಯ ಕಾಫಿ ಇಡುತ್ತ ಕಾಂತಪ್ಪ ಕೇಳಿದ:

"ಹಾಗಾದರೆ ಒಂದು ಚಿತ್ರ ತರಿಸಿ ನೋಡುವ. ಬರುವ ಭಾನುವಾರಕ್ಕೆ ಸಾಕು. ಅವಸರ ಇಲ್ಲ."

"ಅದೇನು ದೊಡ್ಡದು?" ಎಂದ ದಕ್ಷಿಣಾಮೂರ್ತಿ.

ಮನೆಗೆ ಹೋದ ಮೇಲೆ ಅದು ಎಷ್ಟು ದೊಡ್ಡದೆಂದು ಹೆಂಡತಿ ಶಾರದಾ ವಿವರಿಸಿದಳು. "ನಮ್ಮ ಏಕನಾಥ ರಾಕ್ಷಸನ ಚಿತ್ರ ಬರೀತಾನಾ? ಮದುವೆ ಮನೇಲಿ ಕುದುರೆ ಬರೆಯೋಕೆ ಹೋಗಿ, ಎಲ್ಲರೂ ಅದನ್ನ ಮಂಚ ಅಂದುಕೊಂಡಿದ್ರು!" ಆದರೆ ಮರುದಿನ ಮಧ್ಯಾಹ್ನ ಬಿಸಿಲಿಗೆ ಹಗ್ಗದ ಮಂಚ, ಚಾರ್ಪಾಯಿ, ಹಾಕಿಕೊಂಡು ಕೂತಿದ್ದ ಬ್ಲಾಕಿನ ಹೆಂಗಸರು, ಎಂದೂ ಇಲ್ಲದ್ದು, ಸರಿದು ಜಾಗ ಮಾಡಿ, "ಬನ್ನಿ ಶಾರದಾ, ಇಲ್ಲಿ ಬಿಸಿಲು ಚೆನ್ನಾಗಿದೆ" ಎಂದರು. ಬಿಸಿಲಿನಲ್ಲಿ ಕೂತ ಶಾರದಾಗೆ ಐದು ನಿಮಿಷದಲ್ಲಿ, ತಮ್ಮನಿಗೆ ಚಿಕ್ಕಂದಿನಿಂದಲೂ ರಾಕ್ಷಸರೆಂದರೆ ಪ್ರಾಣ ಎಂಬುದು ಜ್ಞಾಪಕಕ್ಕೆ ಬಂತು.

ದಕ್ಷಿಣಾಮೂರ್ತಿ ಕೆಲಸ ಮಾಡುತ್ತಿದ್ದದ್ದು ಆರೋಗ್ಯ ಪ್ರಚಾರದ ಒಂದು ಸಣ್ಣ ಸರ್ಕಾರಿ ಕಚೇರಿಯಲ್ಲಿ. ಕೈ ತೊಳೆಯಿರಿ, ನೀರು ಕುದಿಸಿರಿ, ಸೊಳ್ಳೆ ಕೊಲ್ಲಿರಿ ಎಂದು ದೇಶಕ್ಕೆ ಹೇಳುವ ಭಿತ್ತಿಚಿತ್ರಗಳು ಅಲ್ಲಿ ತಯಾರಾಗುತ್ತಿದ್ದವು. ದಕ್ಷಿಣಾಮೂರ್ತಿ ಯು.ಡಿ. ಕ್ಲರ್ಕ್, ಚಿತ್ರಗಳ ಬೀರುವಿನ ಬೀಗದ ಕೈ ಅವನ ಬಳಿ. ಶನಿವಾರ ಮಧ್ಯಾಹ್ನ, ನಾಳೆ ಏನು ತೋರಿಸಲಿ ಎಂದು ಬೆವರುತ್ತ, ಆ ಚಳಿಯಲ್ಲೂ ಬೆವರುತ್ತ, ಬೀರು ತೆಗೆದ. ಎದುರಿಗೆ ರಾಕ್ಷಸ ನಿಂತಿದ್ದ.

ಕಪ್ಪು ಹಿನ್ನೆಲೆ. ಅದರೊಳಗಿಂದ ಬಾಗಿ ಎದ್ದ ಬಿಳಿಚಿದ ಕತ್ತು. ಕಣ್ಣಿಲ್ಲ, ಮೂಗಿಲ್ಲ. ಮುಖದ ತುಂಬ ಒಂದು ದುಂಡನೆಯ ಬಾಯಿ. ಬಾಯೊಳಗೆ ಒಳಮುಖವಾಗಿ ಬಾಗಿದ ನಾಲ್ಕು ಕೊಕ್ಕೆ ಹಲ್ಲುಗಳು. ನೋಡಿದವರ ರಕ್ತ ನೋಡುತ್ತಿದ್ದಂತೆಯೇ ಅರ್ಧ ಸೇರು ಕಡಿಮೆಯಾಗುವಂತಿತ್ತು. ಅದು ಮನುಷ್ಯನ ಕರುಳಿನಲ್ಲಿ ವಾಸ ಮಾಡುವ ಕೊಕ್ಕೆಹುಳು. ಕಚೇರಿಯ ಚಿತ್ರಗಾರ ಚಂದ್ರಮೋಹನ ಒಂದು ತಿಂಗಳು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ, ಸಾವಿರ ಪಟ್ಟು ದೊಡ್ಡದು ಮಾಡಿ ಬರೆದದ್ದು. ಕೆಳಗೆ ಇಂಗ್ಲಿಷಿನಲ್ಲಿ ಅದರ ಶಾಸ್ತ್ರೀಯ ಹೆಸರು. ಮೂಲೆಯಲ್ಲಿ ಎಕ್ಸ್ ಅಕ್ಷರ, ಪಕ್ಕದಲ್ಲಿ ಸಾವಿರ. ಅಚ್ಚಿಗೆ ಹೋಗಬೇಕಾದದ್ದು ಇನ್ನು ಒಂಬತ್ತು ದಿನಕ್ಕೆ. ಫರೀದಾಬಾದಿನ ಪ್ರೆಸ್ಸಿನಿಂದ ಗಾಡಿ ಬರುವುದಿತ್ತು.

"ಒಂದೇ ಒಂದು ಭಾನುವಾರ," ಎಂದು ದಕ್ಷಿಣಾಮೂರ್ತಿ ಹುಳುವಿಗೆ ಹೇಳಿ, ಅದನ್ನು ಸುತ್ತಿ ಕೋಟಿನೊಳಗೆ ಸೇರಿಸಿದ.

ಭಾನುವಾರ ಅವನು ಹೋಟೆಲಿನ ಮೇಜಿನ ಮೇಲೆ ಸುರುಳಿ ಬಿಚ್ಚಿದಾಗ ಆದದ್ದನ್ನು ಹೇಳಿದರೆ ಉತ್ಪ್ರೇಕ್ಷೆ ಎನ್ನುತ್ತೀರಿ. ಆದ್ದರಿಂದ ಕಡಿಮೆ ಮಾಡಿಯೇ ಹೇಳುವುದು: ಇಬ್ಬರು ಮೂರ್ಛೆ ಹೋದರು, ಒಲೆ ತಾನಾಗಿ ಆರಿತು, ಅಡುಗೆ ಮನೆಯಲ್ಲಿ ಉಬ್ಬುತ್ತಿದ್ದ ಪೂರಿಗಳು ಉಬ್ಬಿದ ಹಾಗೆಯೇ ಮತ್ತೆ ಕುಗ್ಗಿದವು.

"ಅಯ್ಯಯ್ಯೋ ದೇವರೇ," ಎಂದ ಕಾಂತಪ್ಪ. "ಎಷ್ಟು ಚಂದ ಉಂಟು!"

ದೇವೇಂದ್ರಪ್ಪ ಮೇಷ್ಟ್ರು ಕನ್ನಡಕ ಒರೆಸಿ, ಕೆಳಗಿನ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿದರು. "ಅಂ... ಕಿ... ಲೋ... ಸ್ತೋಮ! ಅಂಕಿಲೋಸ್ತೋಮ! ಆಹಾ! ರಾಕ್ಷಸನ ಹೆಸರು."

"ಅದರ ಅರ್ಥ ಎಂಥ ಮೇಷ್ಟ್ರೆ?"

"ಸ್ತೋಮ ಅಂದರೆ ಸಮೂಹ. ಇವನು ಒಬ್ಬನಲ್ಲ. ಇಲ್ಲಿ ನೋಡ್ರಿ ಮೂಲೆಯಲ್ಲಿ: ಎಕ್ಸ್ ಸಾವಿರ. ಗುಣಿಸು ಸಾವಿರ! ತೆರೆಯ ಮೇಲೆ ಇಂಥವರು ಸಾವಿರ ಜನ ಒಟ್ಟಿಗೆ ಬರ್ತಾರೆ!"

ಸಾವಿರ ಎಂದ ಕೂಡಲೇ ಸಭೆ ಕೈ ಮುಗಿಯಿತು. ಅಕೌಂಟೆಂಟು ಮಾತ್ರ, ಅದು ರೋಮನ್ ಹತ್ತು, ಆದ್ದರಿಂದ ಹತ್ತು ಸಾವಿರ ಎಂದು ಒಂದು ಅಪಸ್ವರ ತೆಗೆದ. ಅವನನ್ನು ಬೇಸಿನ್ ಪಕ್ಕಕ್ಕೆ ಕಳಿಸಲಾಯಿತು.

"ಮುಂದಿನ ಪದ ಏನ್ರಿ ಇದು? ದುವೋದಿನಾಲೆ?" ಎಂದು ಮೇಷ್ಟ್ರು ಕೇಳಿದರು.

"ಅದು ಅವನ ಊರು," ಎಂದ ದಕ್ಷಿಣಾಮೂರ್ತಿ. ಆ ಕ್ಷಣದಲ್ಲಿ ಅವನಿಗೆ ಯಾವುದೂ ಕಷ್ಟವೆನಿಸುತ್ತಿರಲಿಲ್ಲ.

ಚಿತ್ರ ಸುತ್ತಿಕೊಂಡು ಹೊರಡೋಣವೆಂದು ಮೇಜಿನ ಕಡೆ ತಿರುಗಿದ. ಮೇಜಿನ ಮೇಲೆ ಚಿತ್ರವಿರಲಿಲ್ಲ. ಕಾಂತಪ್ಪ ಅದನ್ನು ಪಕ್ಕದಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯವನ ಹತ್ತಿರ ಕಳಿಸಿ ಆಗಿತ್ತು. ಒಂದು ಗಂಟೆಯೊಳಗೆ ಅಂಕಿಲೋಸ್ತೋಮ ಗಾಜು ಚೌಕಟ್ಟಿನೊಳಗೆ ಕೂತು, ಗಲ್ಲಾದ ಮೇಲಿನ ಗೋಡೆಯನ್ನೇರಿ, ಚೆಂಡುಹೂವಿನ ಹಾರ ಹಾಕಿಸಿಕೊಂಡು, ಉಣ್ಣುವವರ ಕಡೆ ಬಾಯಿ ತೆರೆದು ನಿಂತ.

ಸೋಮವಾರ ಕಚೇರಿಯಲ್ಲಿ ಚಂದ್ರಮೋಹನ ಬೀರುವಿನ ಮುಂದೆ ನಿಂತಿದ್ದ. ದಿಲ್ಲಿಯಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗ. ಕನ್ನಡ ಮಾತಾಡಿದರೆ ಅರ್ಧ ದಾರಿಯಲ್ಲಿ ಹಿಂದಿಯ ಬಸ್ಸು ಹತ್ತಿಬಿಡುತ್ತಿದ್ದ.

"ಅಂಕಲ್, ನನ್ನ ಹುಕ್‌ವರ್ಮ್ ನೋಡಿದ್ರಾ? ಇಲ್ಲೇ ಇಟ್ಟಿದ್ದೆ. ಪಕ್ಕಾ ಇಲ್ಲೇ."

"ಎಲ್ಲಿ ಹೋಗುತ್ತೆ? ಹುಳು ತಾನೆ, ಹರಿದುಕೊಂಡು ಎಲ್ಲೋ ಹೋಗಿರುತ್ತೆ," ಎಂದು ದಕ್ಷಿಣಾಮೂರ್ತಿ ನಕ್ಕ. ಚಂದ್ರಮೋಹನ ನಗಲಿಲ್ಲ. ಅವನದು ಹಂಗಾಮಿ ಕೆಲಸ. ಖಾಯಂ ಮಾಡುವ ಕಾಗದ ಅದೇ ವಾರ ಸೆಕ್ಷನ್ ಆಫೀಸರ್ ಕೇಶವಮೂರ್ತಿಯವರ ಮೇಜಿಗೆ ಬಂದಿತ್ತು.

ಕೇಶವಮೂರ್ತಿಯವರು ಮೈಸೂರಿನವರು. ಶಿಸ್ತಿನ ಮನುಷ್ಯ. ಅವರು ಕೆಮ್ಮಿದರೂ ಮೂರು ಪ್ರತಿಯಲ್ಲಿ ಕೆಮ್ಮುತ್ತಿದ್ದರು. ಚಿತ್ರ ಬರೆಯಿಸುವ ಕಡತದಲ್ಲಿ 'ನೋಡಿದ್ದೇನೆ' ಎಂದು ಸಹಿ ಹಾಕಿದ್ದರು, ಚಿತ್ರವನ್ನು ನೋಡಿರಲಿಲ್ಲ. ಕಡತ ನೋಡಿದ ಮೇಲೆ ಚಿತ್ರವನ್ನೂ ನೋಡುವುದು ಒಂದೇ ಕೆಲಸವನ್ನು ಎರಡು ಸಲ ಮಾಡಿದಂತೆ ಎಂಬುದು ಅವರ ಮತ.

"ಏನ್ರೀ ದಕ್ಷಿಣಾಮೂರ್ತಿ," ಎಂದರು. "ಆ ಚಂದ್ರಮೋಹನ ಸರ್ಕಾರದ ಚಿತ್ರ ಕಳೆದಿದ್ದಾನಂತೆ. ಕಡತದಲ್ಲಿ ಅದು ಇನ್ನೂ ಅವನ ಹೆಸರಿನಲ್ಲೇ ಇದೆ. ಮೆಮೋ ಟೈಪ್ ಮಾಡಿ. ಬರುವ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಪ್ರೆಸ್ಸಿನ ಗಾಡಿ ಬರುವುದರೊಳಗೆ ಚಿತ್ರ ಹಾಜರಾಗದಿದ್ದರೆ ಅವನ ಸೇವೆ ಮುಗಿಯಿತು ಅಂತ ಬರೀರಿ."

ತಾನು ಕದ್ದ ಚಿತ್ರಕ್ಕಾಗಿ ಇನ್ನೊಬ್ಬನ ಕೆಲಸ ತೆಗೆಯುವ ಮೆಮೋವನ್ನು ದಕ್ಷಿಣಾಮೂರ್ತಿ ತಾನೇ ಟೈಪ್ ಮಾಡಿದ. ಒಂಬತ್ತು ವರ್ಷಗಳಲ್ಲಿ ಮೊದಲನೆಯ ಸಲ ಒಂದೂ ತಪ್ಪು ಬೀಳಲಿಲ್ಲ. ಅದೇ ಅವನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಸಂಜೆ ನೇರವಾಗಿ ಹೋಟೆಲಿಗೆ ಓಡಿದ. "ಕಾಂತಪ್ಪನವರೇ, ಮದರಾಸಿನಿಂದ ಕಾಗದ ಬಂದಿದೆ. ಚಿತ್ರ ತಕ್ಷಣ ವಾಪಸ್ ಬೇಕಂತೆ."

"ಕೊಡುವುದಾ?" ಕಾಂತಪ್ಪ ಎದೆಯ ಮೇಲೆ ಕೈಯಿಟ್ಟುಕೊಂಡ. "ಅಲ್ಲಿ ನೋಡಿ ಮಾರಾಯ್ರೆ!"

ಹೋಟೆಲಿನ ಹೊರಗೆ ಸಾಲು ನಿಂತಿತ್ತು. ಅದರ ಬಾಲ ಇಂಡಿಯಾ ಗೇಟಿನವರೆಗೆ ಹೋಗಿತ್ತು. ಅಲ್ಲಿಂದಾಚೆಗೆ ಎಣಿಸಲು ಯಾರಿಗೂ ಪುರುಸೊತ್ತಿರಲಿಲ್ಲ. ಯೂನಿವರ್ಸಿಟಿ ಹಾಸ್ಟೆಲಿನಲ್ಲಿದ್ದು ಐ.ಎ.ಎಸ್. ಪರೀಕ್ಷೆಗೆ ಓದುತ್ತಿದ್ದ ಕನ್ನಡ ಹುಡುಗರು ಎರಡು ಬಸ್ಸು ಬದಲಾಯಿಸಿ ಬಂದು, ಚಿತ್ರದ ಮುಂದೆ ನಿಂತು ಟಿಪ್ಪಣಿ ಬರೆದುಕೊಳ್ಳುತ್ತಿದ್ದರು. ಊಟದ ಪಟ್ಟಿಯಲ್ಲಿ ರಾಕ್ಷಸ ದೋಸೆ ಎಂಬ ಹೊಸ ಸಾಲು ಸೇರಿತ್ತು. ನಡುವೆ ದುಂಡನೆಯ ತೂತು, ಸುತ್ತ ನಾಲ್ಕು ಗೋಡಂಬಿ.

"ಮದರಾಸಿಗೆ ನಾವೇ ಟೆಲಿಗ್ರಾಂ ಕೊಡೋಣ," ಎಂದರು ದೇವೇಂದ್ರಪ್ಪ ಮೇಷ್ಟ್ರು. "ದಿಲ್ಲಿ ಕನ್ನಡಿಗರೆಲ್ಲ ಸಹಿ ಹಾಕಿ, ಇನ್ನೂ ಒಂದು ತಿಂಗಳು ಇರಲಿ ಅಂತ."

ದಕ್ಷಿಣಾಮೂರ್ತಿ ಬಾಯಿ ತೆರೆಯುವುದರೊಳಗೆ ಬಾಗಿಲಲ್ಲಿ ಗದ್ದಲವಾಯಿತು. ಕೈಯಲ್ಲಿ ಚರ್ಮದ ಚೀಲ, ಕುತ್ತಿಗೆಗೆ ಮಫ್ಲರ್, ಭಾರಿ ಪಂಜಾಬಿ ಆಳು. ಹೋಟೆಲುಗಳ ಶುಚಿತ್ವ ನೋಡುವ ಹೆಲ್ತ್ ಇನ್ಸ್‌ಪೆಕ್ಟರ್. ಕಾಂತಪ್ಪನ ಮುಖ ಚಟ್ನಿಯ ಬಣ್ಣಕ್ಕೆ ತಿರುಗಿತು. ಇನ್ಸ್‌ಪೆಕ್ಟರ್ ಎರಡು ಹೆಜ್ಜೆ ಒಳಗಿಟ್ಟು, ತಲೆಯೆತ್ತಿ ಗೋಡೆ ನೋಡಿ, ನಿಂತುಬಿಟ್ಟ.

"ಅರೇ ವಾಹ್!" ಎಂದ. "ಅಂಕಿಲೋಸ್ಟೋಮಾ!"

ಇಡೀ ಹೋಟೆಲ್ ಅವನ ಕಡೆ ತಿರುಗಿತು. ಆಮೇಲೆ ಒಂದೇ ಸಲ ಹರ್ಷೋದ್ಗಾರ ಎದ್ದಿತು.

"ಕೇಳಿದಿರಾ! ಪಂಜಾಬಿಗಳಿಗೂ ಗೊತ್ತು ನಮ್ಮ ಸಿನಿಮಾ!"

"ಹಿಂದಿಯಲ್ಲೂ ಬರುತ್ತೆ ಅಂತ ಕಾಣುತ್ತೆ!"

ಇನ್ಸ್‌ಪೆಕ್ಟರ್ ಕಾಂತಪ್ಪನ ಕೈ ಹಿಡಿದು ಕುಲುಕಿದ. ಇಷ್ಟು ವರ್ಷದ ನೌಕರಿಯಲ್ಲಿ ಹೋಟೆಲಿನ ಗೋಡೆಗೆ ಇದನ್ನು ಹಾಕಿದ ಯಜಮಾನನನ್ನು ತಾನು ನೋಡಿಲ್ಲ ಎಂದ. ಬಳಿಕ ಜನ ಕೂಡಿದ್ದನ್ನು ಕಂಡು ಅವನಿಗೆ ಉತ್ಸಾಹ ಬಂತು. ಚಿತ್ರದ ಕೆಳಗೆ ನಿಂತು ಕೈಯೆತ್ತಿದ.

"ಜಾನತೇ ಹೋ ಯೆ ಅಂದರ್ ಕೈಸೇ ಘುಸತಾ ಹೈ? ನಂಗೇ ಪೈರ್ ಸೇ!"

"ಬರಿಗಾಲಲ್ಲಿ ನಡೆದರೆ ಅಂಗಾಲಿನಿಂದ ಒಳಗೆ ನುಗ್ಗುತ್ತಾನಂತೆ!" ಎಂದು ಅಕೌಂಟೆಂಟು ಹಿಂದಿನ ಸಾಲಿಗೆ ಅನುವಾದಿಸಿದ. ಹಿಂದಿನ ಸಾಲು ಕಾಲುಗಳನ್ನು ಬೆಂಚಿನ ಮೇಲೆ ಎತ್ತಿಕೊಂಡಿತು.

"ಫಿರ್ ಖೂನ್ ಚೂಸತಾ ಹೈ. ದಿನ್ ರಾತ್!"

"ಹಗಲೂ ರಾತ್ರಿ ರಕ್ತ ಹೀರ್ತಾನಂತೆ!"

"ಬೇಡ, ಬೇಡ, ಕಥೆ ಹೇಳಬೇಡಿ ಸಾಹೇಬ್ರೆ!" ಎಂದು ಒಬ್ಬ ಕಿವಿ ಮುಚ್ಚಿಕೊಂಡು ಕೂಗಿದ. ಆದರೆ ದೇವೇಂದ್ರಪ್ಪ ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಮುಂದಕ್ಕೆ ಬಾಗಿ ಕೇಳಿದರು: "ಕೊನೆಗೆ ಸಾಯ್ತಾನಾ? ಮರತಾ ಹೈ?"

"ಮರತಾ ಹೈ, ಕ್ಯೋಂ ನಹೀಂ!" ಇನ್ಸ್‌ಪೆಕ್ಟರ್ ಚಿಟಿಕೆ ಹಾಕಿದ. "ಸುಬಹ್ ಸುಬಹ್, ಖಾಲೀ ಪೇಟ್, ಏಕ್ ಗೋಲೀ. ಖತಮ್!"

ಹಿಂದಿಯಲ್ಲಿ ಗೋಲಿ ಎಂದರೆ ಮಾತ್ರೆಯೂ ಹೌದು, ಬಂದೂಕಿನ ಗುಂಡೂ ಹೌದು. ಹೋಟೆಲಿನಲ್ಲಿದ್ದ ಒಬ್ಬನಿಗೂ ಮಾತ್ರೆ ನೆನಪಾಗಲಿಲ್ಲ.

"ಒಂದೇ ಗುಂಡಾ?" ಅಕೌಂಟೆಂಟಿನ ಧ್ವನಿ ಕುಗ್ಗಿತು. "ಇಷ್ಟು ದೊಡ್ಡ ರಾಕ್ಷಸ, ಸಾವಿರ ಜನ, ಒಂದೇ ಗುಂಡಿಗೆ?"

"ಖಾಲಿ ಹೊಟ್ಟೆಯಲ್ಲಿ ಅಂದರಲ್ಲ! ಉಪವಾಸ ವ್ರತ ಮಾಡಿ, ಬ್ರಾಹ್ಮೀ ಮುಹೂರ್ತದಲ್ಲಿ ಹೊಡೆಯುವ ಗುಂಡು. ಅದು ಮಂತ್ರಗೋಲ!" ಎಂದು ಮೇಷ್ಟ್ರು ಸಮಾಧಾನ ಮಾಡಿದರು. ಆದರೂ ಕೊನೆಯ ದೃಶ್ಯ ತಿಳಿದುಹೋಯಿತೆಂಬ ದುಃಖಕ್ಕೆ ಮೂವರು ರಾಕ್ಷಸ ದೋಸೆಯನ್ನು ಅರ್ಧಕ್ಕೇ ಬಿಟ್ಟರು. ಇನ್ಸ್‌ಪೆಕ್ಟರ್ ಮಾತ್ರ ಅಡುಗೆ ಮನೆಯ ಕಡೆ ತಿರುಗಿಯೂ ನೋಡದೆ, ಅತ್ಯುತ್ತಮ ಎಂದು ಬರೆದು ಕೊಟ್ಟು ಹೋದ. ಕಾಂತಪ್ಪ ಚಿತ್ರಕ್ಕೆ ಇನ್ನೂ ನಾಲ್ಕು ಮೊಳೆ ಹೊಡೆಸಿದ.

ಮಂಗಳವಾರ ದಕ್ಷಿಣಾಮೂರ್ತಿ ಮತ್ತೆ ಹೋದ. ಸ್ಟುಡಿಯೋದವರು ಕೋರ್ಟಿಗೆ ಹೋಗುತ್ತಾರೆ ಎಂದ. ಹದಿನಾರು ಜನ ಜೈಲಿಗೆ ಹೋಗಲು ಸಿದ್ಧರಾದರು. ಬುಧವಾರ, ಆ ಚಿತ್ರ ಗೋಡೆಯ ಮೇಲಿದ್ದರೆ ಅಪಶಕುನವಂತೆ ಎಂದ. ಮೇಷ್ಟ್ರು ಅದಕ್ಕೆ ಶಾಂತಿ ಮಾಡಿಸಿದರು. ಕಚೇರಿಯಲ್ಲಿ ಚಂದ್ರಮೋಹನ ಹೊಸದಾಗಿ ಬರೆಯಲು ಕೂತಿದ್ದ, ಬರೆಯುತ್ತಿದ್ದ, ಹರಿಯುತ್ತಿದ್ದ. ಒಂದು ತಿಂಗಳ ಕೆಲಸ ಒಂದು ವಾರದಲ್ಲಿ ಆಗುವಂಥದ್ದಲ್ಲ. "ಆಗ್ತಾ ಇಲ್ಲ ಅಂಕಲ್," ಎಂದ. "ಅಮ್ಮನಿಗೆ ಖಾಯಂ ಆಯ್ತು ಅಂತ ಹೇಳಿಬಿಟ್ಟಿದ್ದೆ." ದಕ್ಷಿಣಾಮೂರ್ತಿ ಅವನಿಗೆ ಚಹಾ ತರಿಸಿಕೊಟ್ಟ. ಅದಕ್ಕಿಂತ ಹೆಚ್ಚಿನ ಧೈರ್ಯ ಅವನ ಬಳಿ ಆ ದಿನ ಇರಲಿಲ್ಲ.

ಭಾನುವಾರ ಹೋಟೆಲಿನಲ್ಲಿ ರಾಕ್ಷಸ ದರ್ಶನ ಸಮಾರಂಭ. ಮುಖ್ಯ ಅತಿಥಿಯಾಗಿ ಯಾರಾದರೂ ಅಧಿಕಾರಿ ಬೇಕೆಂದು ಮೇಷ್ಟ್ರು ಹುಡುಕಿ ಒಪ್ಪಿಸಿದ್ದು ಕೇಶವಮೂರ್ತಿಯವರನ್ನು. ಅವರು 'ಕತ್ತಲಗಿರಿ'ಗೆ ಗುಟ್ಟಾಗಿ ಕಾಯುತ್ತಿದ್ದ ಅಭಿಮಾನಿ. ಕಚೇರಿಯ ಡ್ರಾಯರಿನಲ್ಲಿ, ಆಡಿಟ್ ವರದಿಯ ಕೆಳಗೆ, ಸಿನಿಮಾ ವಾರಪತ್ರಿಕೆ ಇರುತ್ತಿತ್ತು. ಹೆಂಗಸರೂ ಬಂದಿದ್ದರು. ಶಾರದಾ ರೇಷ್ಮೆ ಸೀರೆಯುಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು. ಕೇಶವಮೂರ್ತಿಯವರು ಸೂಟು ಹಾಕಿಕೊಂಡು ಬಂದರು. ಅವರ ಹಿಂದೆ, ಚಿತ್ರ ಬರೆಯುವ ಹಲಗೆ, ಪೆನ್ಸಿಲು ಹಿಡಿದುಕೊಂಡು, ಚಂದ್ರಮೋಹನ ಬಂದ.

ದಕ್ಷಿಣಾಮೂರ್ತಿಯ ಹೃದಯ ಎದೆಯಿಂದ ಇಳಿದು, ಬೂಟಿನೊಳಗೆ ಹೋಗಿ, ಅಲ್ಲಿಂದ ಹೊರಗೆ ಹೋಗುವ ದಾರಿ ಹುಡುಕಿತು.

"ನಮ್ಮ ಆಫೀಸಿನ ಆರ್ಟಿಸ್ಟ್," ಎಂದರು ಕೇಶವಮೂರ್ತಿಯವರು. "ನಮ್ಮ ಮನೆಗೆ ಒಂದು ಕಾಪಿ ಬರೆಯಿಸಿಕೊಳ್ಳೋಣ ಅಂತ ಕರೆತಂದೆ." ಗೋಡೆಯತ್ತ ನೋಡಿ ಕೈ ಮುಗಿದರು. "ಅದ್ಭುತ! ಇದಪ್ಪಾ ಕಲೆ! ನೋಡಯ್ಯಾ ಚಂದ್ರಮೋಹನ, ಹೀಗೆ ಬರೀಬೇಕು. ನೀನು ಹುಳ ಬರೆದುಕೊಂಡೇ ಇದ್ದೀಯ."

ಚಂದ್ರಮೋಹನ ತಲೆಯೆತ್ತಿದ.

"ಸರ್," ಎಂದ. "ಯೆ ತೋ... ಇದು ನಂದು."

"ಏನು ನಿಂದು?"

"ಈ ಚಿತ್ರ. ನಾನು ಬರೆದಿದ್ದು. ಮೇರಾ ಹೈ ಸರ್."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಛಾವಣಿ ಹಾರಿಹೋಗುವಂತೆ ಗಲಾಟೆಯೆದ್ದಿತು.

"ಎಂಥ ಧೈರ್ಯ! ಏಕನಾಥರ ಚಿತ್ರವನ್ನು ತನ್ನದು ಅಂತಾನೆ!" ಎಂದ ಕಾಂತಪ್ಪ.

"ಮದರಾಸಿನ ಬೀರುವಿನಲ್ಲಿದ್ದದ್ದು ಇವನ ಕೈಗೆ ಹೇಗೆ ಬರುತ್ತೆ?" ಎಂದರು ಮೇಷ್ಟ್ರು.

"ಹೊರಗೆ ಹಾಕ್ರಿ!" ಎಂದು ಬೇಸಿನ್ ಪಕ್ಕದಿಂದ ಅಕೌಂಟೆಂಟು ಕೂಗಿದ.

ಕೇಶವಮೂರ್ತಿಯವರ ಮುಖ ಕೆಂಪಾಯಿತು. "ನಿನಗೆ ನಾಚಿಕೆ ಬೇಡವೇನಯ್ಯಾ? ಸರ್ಕಾರದ ಚಿತ್ರ ಕಳೆದಿದ್ದೂ ಅಲ್ಲದೆ, ಇನ್ನೊಬ್ಬ ದೊಡ್ಡ ಕಲಾವಿದನ ಚಿತ್ರ ನಿನ್ನದು ಅಂತೀಯಾ? ನಾಳೆ ಹತ್ತು ಗಂಟೆವರೆಗೂ ಕಾಯೋದು ಬೇಡ. ಒಂಬತ್ತೂವರೆಗೆ ಬಾ, ಆರ್ಡರ್ ತಗೊಂಡು ಹೋಗು."

ಚಂದ್ರಮೋಹನ ಸುತ್ತ ನಿಂತವರ ಮುಖಗಳನ್ನು ನೋಡಿದ. ಮತ್ತೆ ಚಿತ್ರವನ್ನು ನೋಡಿದ. ಗಾಜು, ಚೌಕಟ್ಟು, ಹಾರ, ಊದುಬತ್ತಿ.

"ಸಾರಿ ಸರ್," ಎಂದ ಮೆಲ್ಲಗೆ. "ಶಾಯದ್... ಬಹುಶಃ ನಂದಲ್ಲ. ಇದು ಬಹಳ ಚೆನ್ನಾಗಿದೆ. ನಂದು ಇಷ್ಟು ಚೆನ್ನಾಗಿರಲಿಲ್ಲ."

ಅವನು ಹಲಗೆ ಎತ್ತಿಕೊಂಡು ಬಾಗಿಲ ಕಡೆ ತಿರುಗಿದ. ಜನ ದಾರಿ ಬಿಟ್ಟರು. ದಕ್ಷಿಣಾಮೂರ್ತಿ ಇನ್ನು ಹತ್ತು ಹೆಜ್ಜೆಗಳಷ್ಟು ಕಾ‌ಲ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಅವನ ಕುರ್ಚಿ ಉಳಿಯುತ್ತಿತ್ತು, ಶಾರದಾಳ ಬಿಸಿಲು ಉಳಿಯುತ್ತಿತ್ತು. ಚಂದ್ರಮೋಹನ ಏಳನೆಯ ಹೆಜ್ಜೆ ಇಟ್ಟ.

"ಅದು ಅವನದೇ!"

ಎಲ್ಲರೂ ತಿರುಗಿದರು. ದಕ್ಷಿಣಾಮೂರ್ತಿ ಕುರ್ಚಿಯ ಮೇಲೆ ಹತ್ತಿ ನಿಂತಿದ್ದ. ಏಕೆ ಹತ್ತಿದನೋ ಅವನಿಗೂ ತಿಳಿಯದು.

"ಅವನದೇ ಸರ್. ನಾನು ಕದ್ದದ್ದು. ಬೀರುವಿನಿಂದ. ನಮ್ಮ ಬೀರುವಿನಿಂದ, ಮದರಾಸಿನದಲ್ಲ."

"ಹಾಗಾದರೆ ಏಕನಾಥ?" ಎಂದ ಕಾಂತಪ್ಪ.

"ಲಾರಿಗಳಿಗೆ ನಂಬರ್ ಬರೀತಾನೆ."

"ಹಾಗಾದರೆ ಈ ರಾಕ್ಷಸ?"

"ರಾಕ್ಷಸ ಅಲ್ಲ. ಹುಳು." ದಕ್ಷಿಣಾಮೂರ್ತಿ ಚಿತ್ರದ ಕಡೆ ಬೆರಳು ತೋರಿಸಿದ. "ಕೊಕ್ಕೆಹುಳು. ಮನುಷ್ಯರ ಹೊಟ್ಟೆಯಲ್ಲಿ ಇರುತ್ತೆ."

ಇಪ್ಪತ್ತೆಂಟು ಚಮಚಗಳು ಒಟ್ಟಿಗೆ ತಟ್ಟೆಯ ಮೇಲೆ ಇಳಿದವು. ಆ ಸದ್ದಿಗೆ ಸಫ್ದರ್‌ಜಂಗ್ ವಿಮಾನ ನಿಲ್ದಾಣದಲ್ಲಿ ಒಂದು ವಿಮಾನ ಇಳಿಯುವುದನ್ನು ಬಿಟ್ಟು ಮೇಲಕ್ಕೆ ಹೋಯಿತು.

"ಎಂಟು ದಿನ," ಎಂದ ಕಾಂತಪ್ಪ. "ಎಂಟು ದಿನ ನಾನು ಹೊಟ್ಟೆಹುಳಕ್ಕೆ ಹಾರ ಹಾಕಿದೆನಾ! ನನ್ನ ಹೋಟೆಲಿನಲ್ಲಿ! ಊಟದ ಎದುರು!"

"ಆದರೆ ಅಂಕಿಲೋಸ್ತೋಮ..." ಎಂದರು ದೇವೇಂದ್ರಪ್ಪ ಮೇಷ್ಟ್ರು, ಮುಳುಗುವವರಂತೆ. "ಸ್ತೋಮ ಅಂದರೆ ಸಮೂಹ..."

"ನಹೀಂ ಸರ್, ಗ್ರೀಕ್ ಅದು," ಎಂದು ಚಂದ್ರಮೋಹನ ಬಾಗಿಲಿನಿಂದ ವಿನಯವಾಗಿ ಹೇಳಿದ. "ಸ್ಟೋಮಾ ಮತ್ಲಬ್ ಬಾಯಿ. ಸೊಟ್ಟ ಬಾಯಿ. ಮತ್ತೆ ಎಕ್ಸ್ ಸಾವಿರ ಅಂದ್ರೆ, ನಿಜವಾದ್ದಕ್ಕಿಂತ ಸಾವಿರ ಪಟ್ಟು ದೊಡ್ಡದು ಮಾಡಿ ತೋರಿಸಿದೆ ಅಂತ."

ಎಲ್ಲರೂ ಒಮ್ಮೆ ದಕ್ಷಿಣಾಮೂರ್ತಿಯ ಕಡೆ ನೋಡಿದರು.

ಕೇಶವಮೂರ್ತಿಯವರು ಎದ್ದು ಹೋಗಿ, ತಾವು 'ನೋಡಿದ್ದೇನೆ' ಎಂದು ಬರೆದಿದ್ದ ಚಿತ್ರವನ್ನು ಹತ್ತಿರದಿಂದ ನೋಡಿದರು. ನೋಡಿ, ಜೇಬಿನಿಂದ ಪೆನ್ನು ತೆಗೆದರು. "ಕಾಂತಪ್ಪನವರೇ, ಮೊಳೆ ಕೀಳಿಸಿ. ಚಂದ್ರಮೋಹನ, ಚಿತ್ರ ತಗೊಂಡು ಹೋಗಪ್ಪ. ನಾಳೆ ಆ ಮೆಮೋ ತಗೊಂಡು ಬಾ. ಮೆಮೋ ಹರಿದು ಹಾಕ್ತೀನಿ, ನಿನ್ನ ಖಾಯಂ ಕಾಗದಕ್ಕೆ ಸಹಿ ಹಾಕ್ತೀನಿ. ದಕ್ಷಿಣಾಮೂರ್ತಿ, ನೀವು ಕೆಳಗಿಳೀರಿ. ನಡೆದದ್ದನ್ನೆಲ್ಲ ಬರೆದು ಕೊಡಿ. ಈಗಲೇ."

ದಕ್ಷಿಣಾಮೂರ್ತಿ ಬಿಲ್ಲಿನ ಹಿಂದೆ ಬರೆದ. ಫೋನು ಬಂದಿರಲಿಲ್ಲ. ಆಕಳಿಸಿರಲಿಲ್ಲ. ದುವೋದಿನಾಲೆ ಎಂಬ ಊರು ಇರುವುದಾಗಿ ತನಗೆ ತಿಳಿದಿಲ್ಲ. ಕೇಶವಮೂರ್ತಿಯವರು ಓದಿ, ಮಡಚಿ, ಜೇಬಿನಲ್ಲಿಟ್ಟುಕೊಂಡರು. ಬಾಗಿಲವರೆಗೆ ಹೋದವರು ಅಲ್ಲಿ ನಿಂತು, ಅಧಿಕಾರಿಯ ಧ್ವನಿ ಬಿಟ್ಟು ಕೇಳಿದರು:

"ಅದೆಲ್ಲ ಹೋಗಲಿ ಕಣ್ರೀ. ಒಂದು ಮಾತು ಹೇಳಿ. ಸಿನಿಮಾ ಯಾವಾಗ ಬರುತ್ತೆ?"

ಸಿಟ್ಟಿನಲ್ಲಿದ್ದ ಇಡೀ ಹೋಟೆಲ್ ಸಿಟ್ಟನ್ನು ಅಷ್ಟಕ್ಕೇ ನಿಲ್ಲಿಸಿ ಕಿವಿಗೊಟ್ಟಿತು.

"ಗೊತ್ತಿಲ್ಲ ಸರ್," ಎಂದ ದಕ್ಷಿಣಾಮೂರ್ತಿ. ಆಮೇಲೆ, ಒಮ್ಮೆ ಶುರುವಾದ ನಿಜ ನಿಲ್ಲಲಾರದೆ ಇನ್ನೂ ಸ್ವಲ್ಪ ಸುರಿಯಿತು. "ಇನ್ನೊಂದಿದೆ ಸರ್. ನಾನು ಇಂಥ ಸಿನಿಮಾ ಒಂದನ್ನೂ ನೋಡಿಲ್ಲ. ಟಿಕೆಟ್ ತಗೋತೀನಿ, ಒಳಗೆ ಹೋಗಿ ಕೂತ್ಕೋತೀನಿ. ದೀಪ ಆರಿದ ತಕ್ಷಣ ಭಯ ಆಗಿ ಕಣ್ಣು ಮುಚ್ಚಿಬಿಡ್ತೀನಿ. ರಾಕ್ಷಸ ಹೋದ ಮೇಲೆ ಇವಳು ಮೊಣಕೈಯಲ್ಲಿ ತಿವೀತಾಳೆ, ಆಗ ಕಣ್ಣು ಬಿಡ್ತೀನಿ."

ಎಲ್ಲರೂ ಶಾರದಾಳ ಕಡೆ ತಿರುಗಿದರು. ಶಾರದಾ ಸೆರಗು ಸರಿಮಾಡಿಕೊಂಡಳು.

"ನಾನೂ ಮುಚ್ಕೊಂಡೇ ಇರ್ತೀನಿ," ಎಂದಳು. "ಅಂದಾಜಿನ ಮೇಲೆ ತಿವೀತೀನಿ."